ಮುಖವಾಡ, ಮುಖ ಮತ್ತು ಕೌದಿ

ಆಫ್ರಿಕದ ಕಲಾಪರಂಪರೆಯಲ್ಲಿ ಮುಖವಾಡವುಂಟು, ಮುಖವಿಲ್ಲ. ಸ್ತ್ರೀಯ ಭಾವಚಿತ್ರವೆಂಬುದು ಅಲ್ಲಿನವರು ಐರೋಪ್ಯರಿಂದ ಕಡ ತಂದ ವಿದ್ಯೆ ಎಂಬ ತೀರ್ಪನ್ನು ನಮ್ಮ ರಸಿಕರು ಎಷ್ಟು ನಿಶ್ಚಿಂತೆಯಿಂದ ಉಚ್ಚರಿಸುತ್ತಾರೆಂದರೆ, ಅದನ್ನು ಕೇಳಿ ಕೇಳಿ ರೋಸಿಹೋಗಿ ನಾನು ಲೇಖನಿ ಹಿಡಿದಿದ್ದೇನೆ. ಈ ತೀರ್ಪಿನ ಬೆನ್ನಿಗೇ ಇನ್ನೊಂದು ಬರುತ್ತದೆ: ನಮ್ಮ ನೆರೆಯ, ಆಫ್ರಿಕ ಮೂಲದ ಸಿದ್ದಿ ಹೆಂಗಸರ ಕೌದಿ ಬರಿಯ ಹೊಲಿಗೆಯಂತೆ, ಕಲೆಯಲ್ಲವಂತೆ.

ಮೊದಲನೆಯದಕ್ಕೆ ಬೆನ್ ಎನ್ವನ್ವುವಿನ ‘ತುತು’ ಒಂದೇ ಉತ್ತರ ಸಾಕು. ಬಯಾಫ್ರದ ಅಂತರ್ಯುದ್ಧ ಮುಗಿದು ಮೂರು ವರ್ಷ ಸಂದಿದ್ದ 1973ರಲ್ಲಿ ಇಗ್ಬೊ ಕುಲದ ಈ ನೈಜೀರಿಯ ಚಿತ್ರಕಾರನು, ಇಫೆಯ ಯೊರುಬ ರಾಜಮನೆತನದ ಅಡೆತುತು ಅಡೆಮಿಲುಯಿಯ ನೀಳವಾದ ಕೊರಳನ್ನೂ ಶಿರೋವಸ್ತ್ರದ ನೆರಳಲ್ಲಿ ಬೆಳಗುವ ವದನವನ್ನೂ ಬರೆದಾಗ, ಒಡೆದ ನಾಡಿನ ಜನರು ಆ ಮುಖದಲ್ಲಿ ಸಂಧಾನದ ಸಂಕೇತವನ್ನು ಕಂಡರು. ಅವನು ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತವನೆಂಬುದೇ ಆಕ್ಷೇಪ! ಅವನ ತಂದೆ ಶಿಲ್ಪಿಯಾಗಿದ್ದನೆಂಬುದನ್ನೂ, ಆ ತುತುವಿನ ಊರಾದ ಇಫೆಯಲ್ಲಿ, ಐರೋಪ್ಯರ ಹಡಗು ಆ ತೀರವನ್ನು ಮುಟ್ಟುವ ಮುನ್ನವೇ, ಉಸಿರಾಡುವಂತೆ ತೋರುವ ಲೋಹದ ಶಿರಸ್ಸುಗಳು ಎರಕಗೊಂಡಿದ್ದವೆಂಬುದನ್ನೂ ಆಕ್ಷೇಪಕರು ಮರೆಯುತ್ತಾರೆ. ಬೆನಿನ್ನಿನ ರಾಜಮಾತೆ ಇಡಿಯಾಳ ದಂತದ ಮುಖವೂ ಹದಿನಾರನೆಯ ಶತಮಾನದ್ದು. ಮುಖವಿಲ್ಲದ ಪರಂಪರೆ ಎಂದವರು ಯಾವ ಪರಂಪರೆಯನ್ನು ನೋಡಿದ್ದರು?

ಇನ್ನು ಸಿದ್ದಿಯರು. ಪೋರ್ತುಗೀಜರು ಗೋವೆಗೆ ದಾಸರನ್ನಾಗಿ ತಂದವರ ಸಂತತಿಯೆಂದು ಹೇಳಲಾಗುವ ಈ ಜನರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿದ್ದಾರೆ. ನಮ್ಮ ಮಾಸೂರಿನಿಂದ ಹೊರಟು ಹಾನಗಲ್ಲು ದಾಟಿದರೆ ಮುಂಡಗೋಡದ ಸೀಮೆ. ಆಫ್ರಿಕ ಮೂಲದ ಪುರುಷನಿಗೆ ನಮ್ಮಲ್ಲಿ ಚಿತ್ರ ದೊರಕಿತ್ತು: ಬಿಜಾಪುರದ ಕಲಾವಿದರು ಸುಲ್ತಾನ ಮಹಮ್ಮದ್ ಆದಿಲ್‌ಶಾಹನೊಡನೆ ಮಂತ್ರಿ ಇಖ್ಲಾಸ್ ಖಾನನನ್ನು ಎಷ್ಟು ಗೌರವದಿಂದ ಚಿತ್ರಿಸಿದರು! ಆದರೆ ಕಾಡಿನ ಹೆಣ್ಣಿಗೆ ಯಾವ ಆಸ್ಥಾನ, ಯಾವ ಚಿತ್ರಕಾರ? ಅವಳು ಸೂಜಿ ಹಿಡಿದಳು.

ಹಳೆಯ ಸೀರೆಯೊಂದನ್ನು ಹಾಸಿ, ಅಂಚಿನಿಂದ ಹೊರಟು, ಮನೆಮಂದಿ ಉಟ್ಟು ತೊಟ್ಟು ಸವೆದ ಬಟ್ಟೆಯ ತುಂಡುಗಳನ್ನು ಒಂದರ ಮಗ್ಗುಲಿಗೊಂದು ಇಡುತ್ತ, ಸಣ್ಣ ಸಣ್ಣ ಹೊಲಿಗೆಗಳಿಂದ ಸುತ್ತುಸುತ್ತಾಗಿ ನಡುವಿಗೆ ಸಾಗುವ ಆ ಕೆಲಸಕ್ಕೆ ಮುಂಚೆ ಬರೆದಿಟ್ಟ ನಕ್ಷೆಯಿಲ್ಲ. ಕಣ್ಣೇ ಅಳತೆ, ಕೈಯೇ ನಿರ್ಣಯ. ಕೊನೆಗೆ ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ. ಕ್ರೈಸ್ತಳ ಕೌದಿಯಲ್ಲಿ ಶಿಲುಬೆ, ಮುಸಲ್ಮಾನಳದರಲ್ಲಿ ಅರ್ಧಚಂದ್ರ ಮೂಡುವುದೂ ಉಂಟು. ಇದರಲ್ಲಿ ಆಫ್ರಿಕವೆಷ್ಟು, ನಮ್ಮ ನಾಡೆಷ್ಟು ಎಂದು ತೂಗುವುದು ವ್ಯರ್ಥವೆಂದು ನನ್ನ ಮತ. 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳು ಪ್ರದರ್ಶಿತವಾದಾಗ ಜನರು ಗೋಡೆಯ ಮುಂದೆ ನಿಂತು ನೋಡಿದರು. ನಾವು ಹೊದ್ದು ಮಲಗಿದೆವು. ತೊಟ್ಟವಳ ಮೈಬೆವರಿನಿಂದ ಬಣ್ಣಗೆಟ್ಟ ರವಿಕೆಯ ತುಂಡು, ಸತ್ತ ಅತ್ತೆಯ ಸೀರೆಯಂಚು ಇವು ಆ ವ್ಯಕ್ತಿಯನ್ನು ನಮ್ಮೆದುರು ತಂದು ನಿಲ್ಲಿಸದಿದ್ದರೆ, ಕಣ್ಣು ಮೂಗುಗಳ ಸಾದೃಶ್ಯ ಮಾತ್ರ ಹೇಗೆ ನಿಲ್ಲಿಸೀತು?

ನಮ್ಮ ಕಣ್ಣೇ ಕೆಟ್ಟಿದೆ. ರವಿವರ್ಮನ ಮುದ್ರಿತ ಚಿತ್ರಗಳು ಮನೆಮನೆಯ ಗೋಡೆಗಳನ್ನು ಹೊಕ್ಕ ಮೇಲೆ ಹಾಲ್ಗೆನ್ನೆಯ ನಾಯಿಕೆಯೇ ಸೌಂದರ್ಯದ ಪ್ರಮಾಣವಾಗಿ, ಕಪ್ಪು ವದನವು ಚಿತ್ರಾರ್ಹವಲ್ಲವೆಂಬ ಭಾವ ನಮ್ಮ ರಕ್ತಕ್ಕಿಳಿಯಿತು. ಹೆಣ್ಣುಮಕ್ಕಳ ಕೈಗೆಲಸಕ್ಕೆ ‘ಕರಕುಶಲ’, ಗಂಡಸಿನದಕ್ಕೆ ‘ಕಲೆ’ ಎಂಬ ವಿಭಾಗವೂ ಈ ರುಚಿಯ ಸೋದರಿಯೇ. ಇದನ್ನು ನಾನು ತಟಸ್ಥನಾಗಿ ಹೇಳುತ್ತಿಲ್ಲ. ಮದಗದ ಕೆರೆಯ ಗಾಳಿ ಬೀಸುವ ಮಾಸೂರಿನ ನಮ್ಮ ಮನೆಯಲ್ಲಿ, ಜಾತ್ರೆಯಲ್ಲಿ ತೆಗೆಸಿದ ನನ್ನ ಅವ್ವನ ಛಾಯಾಚಿತ್ರವೊಂದು ಗೋಡೆಯ ಮೇಲಿದೆ; ಅವಳ ಇಳಕಲ್ಲಿನ ಸೀರೆಯ ಕೆಂಪು ಸೆರಗು ಕೌದಿಯೊಂದರ ನಡುವೆ ಇದೆ. ಅವಳನ್ನು ಕಾಣಬೇಕೆನ್ನಿಸಿದಾಗ ನಾನು ಕೌದಿಯನ್ನು ಬಿಚ್ಚಿ ಹಾಸುತ್ತೇನೆ.