ಸ್ನೈಪರ್ ಆಟಗಳೂ ಬಡತನದ ಅಪವಾದವೂ

ಅವಿತು ಕುಳಿತು ದೂರದಿಂದ ಗುರಿಯಿಡುವ ವಿಡಿಯೋ ಗೇಮುಗಳ ವಿಷಯದಲ್ಲಿ ನಮ್ಮ ರಸಿಕರು ಒಮ್ಮತದಿಂದ ಕೊಟ್ಟುಬಿಟ್ಟಿರುವ ತೀರ್ಪೊಂದುಂಟು: ಇವು ಎರಡನೆಯ ದರ್ಜೆಯವು, ಕಲ್ಪನೆಯೇನೋ ಒಳ್ಳೆಯದೇ, ಪಾಪ, ಕೈಯಲ್ಲಿ ಕಾಸಿರಲಿಲ್ಲ, ದೊಡ್ಡ ಬಂಡವಾಳ ದೊರೆತಿದ್ದರೆ ಎಲ್ಲಿಗೋ ಮುಟ್ಟುತ್ತಿದ್ದವು. ಕೊಡಗಿನ ಮೂರ್ನಾಡಿನಲ್ಲಿ ಆಷಾಢದ ಮಳೆ ಹಿಡಿದು, ಕರೆಂಟು ಬಂದಷ್ಟೇ ಬೇಗ ಹೋಗುವ ದಿನಗಳಲ್ಲಿ, ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ನಂಬಿ ಈ ಆಟಗಳನ್ನು ಆಡಿದ ನನಗೆ ಈ ಮರುಕವು ನೇರವಾದ ನಿಂದೆಗಿಂತ ಅಸಹನೀಯವಾಗಿ ತೋರುತ್ತದೆ. ನಿಂದಿಸುವವನು ಕೃತಿಯನ್ನಾದರೂ ನೋಡಿರುತ್ತಾನೆ.

2017ನೆಯ ಇಸವಿಯೊಂದನ್ನೇ ತೆಗೆದುಕೊಳ್ಳೋಣ. ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ರೆಬೆಲಿಯನ್ ಸಂಸ್ಥೆಯ ‘ಸ್ನೈಪರ್ ಎಲೀಟ್ 4’ ಬಂದಿತು. ಏಪ್ರಿಲಿನಲ್ಲಿ ವಾರ್ಸಾದ ಸಿ.ಐ. ಗೇಮ್ಸ್‌ನವರ ‘ಸ್ನೈಪರ್ ಘೋಸ್ಟ್ ವಾರಿಯರ್ 3’ ಬಂದಿತು. ಎರಡನೆಯದು ಶ್ರೀಮಂತರ ಪಂಕ್ತಿಯಲ್ಲಿಯೇ ಎಲೆ ಹಾಕಿಸಿಕೊಳ್ಳಬೇಕೆಂದು ಹಟಹಿಡಿದು ಹೊರಟ ಆಟ. ಜಾರ್ಜಿಯಾ ದೇಶದ ವಿಸ್ತಾರವಾದ ಭೂಭಾಗ, ಅದರಲ್ಲಿ ಅಲೆಯುವುದಕ್ಕೆ ವಾಹನ, ಹಾರಿಸುವುದಕ್ಕೆ ಡ್ರೋನ್, ಮೇಲೆ ಅಗಲಿದ ಸಹೋದರರ ಕಣ್ಣೀರಿನ ಕಥೆ. ಇಷ್ಟನ್ನೂ ಹೊರಿಸಿದ ಮೇಲೆ ಆಟದೊಳಕ್ಕೆ ಪ್ರವೇಶಿಸುವುದಕ್ಕೇ ಲೋಡಿಂಗ್ ಪರದೆಯ ಮುಂದೆ ನಿಮಿಷಗಟ್ಟಲೆ ಕೂರಬೇಕಾಯಿತು. ಹಲವರು ಕೂಡಿ ಆಡುವ ಭಾಗವು ಬಿಡುಗಡೆಯ ದಿನಕ್ಕೆ ಸಿದ್ಧವೇ ಆಗಿರಲಿಲ್ಲ. ಆ ವಿಸ್ತಾರವಾದ ನೆಲದಲ್ಲಿ ಮಾಡತಕ್ಕ ಕೆಲಸವೂ ಹೆಚ್ಚಿಗೆ ಇರಲಿಲ್ಲ. ಮಹಾ ಬಜೆಟ್ಟಿನ ಆಟವನ್ನು ಕೈಗೆತ್ತಿಕೊಂಡದ್ದು ತಮ್ಮ ಅಳವಿಗೆ ಮೀರಿದ ಸಾಹಸವಾಗಿತ್ತೆಂದು ಕಂಪನಿಯ ಮುಖ್ಯಸ್ಥರೇ ಅನಂತರ ಒಪ್ಪಿಕೊಂಡರು. ಅದೇ ಜನ 2019ರಲ್ಲಿ ಸೈಬೀರಿಯಾದ ಐದೇ ಐದು ಪ್ರದೇಶಗಳನ್ನು ಆರಿಸಿಕೊಂಡು, ಅಲೆದಾಟವನ್ನು ಕೈಬಿಟ್ಟು, ‘ಕಾಂಟ್ರ್ಯಾಕ್ಟ್ಸ್’ ಎಂಬ ಸಣ್ಣ ಆಟವನ್ನು ಮಾಡಿದಾಗ ಅವರ ಬಂದೂಕಿಗೆ ಮರಳಿ ಜೀವ ಬಂದಿತು. ಬಂಡವಾಳದ ಕೊರತೆಯೇ ದೋಷವೆನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಈ ಜಾತಿಯ ಆಟದಲ್ಲಿ ಹಣವು ಮೊದಲು ಎಲ್ಲಿಗೆ ಹೋಗಬೇಕೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಓಣಿಯಲ್ಲಿ ನುಗ್ಗಿ ಹೊಡೆದಾಡುವ ಆಟದಲ್ಲಿ ಗೋಡೆಯಾಚೆಯದನ್ನು ಚಿತ್ರಿಸುವ ಶ್ರಮವೇ ಇಲ್ಲ. ಗುಡ್ಡದ ನೆತ್ತಿಯಲ್ಲಿ ಮಲಗಿ ದುರ್ಬೀನಿನ ಕಣ್ಣಿಂದ ನೋಡುವವನ ಮುಂದೆಯಾದರೋ ಕಣಿವೆಗೆ ಕಣಿವೆಯೇ ಬಿಚ್ಚಿಕೊಳ್ಳುತ್ತದೆ, ಅರ್ಧ ಮೈಲಿಯಾಚೆಯ ಕಾವಲುಗಾರನೂ ನಡೆಯುತ್ತಿರಬೇಕು, ಸಿಗರೇಟು ಹಚ್ಚುತ್ತಿರಬೇಕು, ಪಕ್ಕದವನು ಬಿದ್ದರೆ ತಲೆಯೆತ್ತಬೇಕು. ಹಣವೆಲ್ಲ ದೃಷ್ಟಿಗೂ ಶ್ರವಣಕ್ಕೂ ಸಲ್ಲತಕ್ಕದ್ದು. ಮುಖಭಾವಕ್ಕೂ ಸಂಭಾಷಣೆಗೂ ಅಲ್ಲ. 2015ರಲ್ಲಿ ಮೊಬೈಲಿಗೆ ಬಂದ ‘ಹಿಟ್‌ಮ್ಯಾನ್: ಸ್ನೈಪರ್’ನಲ್ಲಿ ಆಟಗಾರನು ಕುಳಿತಲ್ಲಿಂದ ಏಳುವುದೇ ಇಲ್ಲ, ಎದುರಿಗೊಂದು ಬಂಗಲೆ, ಅಷ್ಟೆ.

ರೆಬೆಲಿಯನ್‌ನವರು ಹಣದ ಈ ಮರ್ಮವನ್ನು 2005ರ ಮೊದಲ ‘ಸ್ನೈಪರ್ ಎಲೀಟ್’ನಿಂದಲೇ ಅರಿತಿದ್ದರೆಂಬುದು ನನ್ನ ಪಕ್ಷ. ನಾಯಕ ಕಾರ್ಲ್ ಫೇರ್‌ಬರ್ನನಿಗೆ ಚರಿತ್ರವೇ ಇಲ್ಲವೆಂದು ಹಳಿಯುತ್ತಾರೆ. ಇರಬೇಕಾದ ಅಗತ್ಯವೇನು? ಅವನ ಚರಿತ್ರವು ಅವನ ಉಸಿರಿನಲ್ಲಿದೆ: ಓಡಿ ಬಂದರೆ ಎದೆಬಡಿತ ಏರಿ ಗುರಿ ನಡುಗುತ್ತದೆ, ಉಸಿರು ಬಿಗಿಹಿಡಿದರೆ ಕ್ಷಣಕಾಲ ನಿಲ್ಲುತ್ತದೆ, ಗಾಳಿಯೂ ಗುರುತ್ವವೂ ಗುಂಡನ್ನು ತಮ್ಮ ಕಡೆಗೆ ಎಳೆಯುತ್ತವೆ. ನಾಲ್ಕನೆಯ ಆಟದಲ್ಲಿ, 1943ರ ಇಟಲಿಯ ನೆತ್ತಿಯ ಮೇಲೆ ವಿಮಾನವೊಂದು ಹಾದುಹೋಗುವವರೆಗೆ ಬೆರಳನ್ನು ಕುದುರೆಯ ಮೇಲಿಟ್ಟು ಕಾದು, ಆ ಗದ್ದಲದ ಮರೆಯಲ್ಲಿ ಗುಂಡು ಹಾರಿಸಿ, ಯಾರೊಬ್ಬನೂ ತಿರುಗಿ ನೋಡದಿರುವಾಗ ಉಂಟಾಗುವ ಸಂತೋಷವನ್ನು ಯಾವ ಕಣ್ಣೀರಿನ ಕಥೆಯೂ ನನಗೆ ಕೊಟ್ಟಿಲ್ಲ. ಕಾವಲುಗಾರರು ಸ್ವಲ್ಪ ಹುಡುಕಿ ಎಲ್ಲವನ್ನೂ ಮರೆತು ಮತ್ತೆ ಗಸ್ತಿಗೆ ಮರಳುವ ಮೌಢ್ಯ ಇಲ್ಲಿಯೂ ಉಂಟು. ವಾರ್ಸಾದವರಲ್ಲಿ ಅದನ್ನು ಕ್ಷಮಿಸದ ನಾನು ಇಲ್ಲಿ ಕ್ಷಮಿಸುತ್ತೇನೆ. ಪಕ್ಷಪಾತವೆಂದರೆ ಹೌದು.

ಆದರೆ ಒಂದನ್ನು ಮಾತ್ರ ಕ್ಷಮಿಸಲಾರೆ. 2012ರ ‘ಸ್ನೈಪರ್ ಎಲೀಟ್ ವಿ2’ದಿಂದ ಆಚೆಗೆ, ಗುಂಡು ತಾಗಿದೊಡನೆ ಆಟ ನಿಧಾನಗೊಂಡು, ಎಕ್ಸ್-ರೇ ಚಿತ್ರದಲ್ಲಿ ಎಲುಬು ಮುರಿಯುವುದನ್ನೂ ಕರುಳು ಹರಿಯುವುದನ್ನೂ ತೋರಿಸುವ ವಿಕೃತಿ ಅವರ ಮುದ್ರೆಯೇ ಆಗಿಹೋಯಿತು. ಕಾದದ್ದರ ಗಾಂಭೀರ್ಯವೆಲ್ಲ ಅಲ್ಲಿ ಕರಗುತ್ತದೆ. ಸೆಟ್ಟಿಂಗಿಗೆ ಹೋಗಿ ಅದನ್ನು ನಿಲ್ಲಿಸಿಬಿಡುವುದೇ ನನ್ನ ಮೊದಲ ಕೆಲಸ.

ಬಂದೂಕಿನ ವಿಷಯದಲ್ಲಿ ಕೊಡಗಿನವನಿಗೆ ಹೊರಗಿನವರು ಔಚಿತ್ಯ ಕಲಿಸಬೇಕಾಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು. ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದ ಹಬ್ಬದಂದು ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಯಿ ಒಡೆಯಿತೆಂದರೆ ಒಡೆಯಿತು. ಒಡೆದುದನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈ ರುಚಿಕೇಡು ಆಟಗಳಿಗೆ ಮಾತ್ರ ಸೀಮಿತವಾದುದೂ ಅಲ್ಲ. ‘ಸಂಸ್ಕಾರ’ಕ್ಕೂ ‘ಘಟಶ್ರಾದ್ಧ’ಕ್ಕೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದ ಭಾಷೆಯಲ್ಲಿ, ಇಂದು ಸಿನಿಮಾ ಚೆನ್ನಾಗಿದೆಯೇ ಎಂದು ಕೇಳಿದರೆ ಎಷ್ಟು ಕೋಟಿಯದೆಂದು ಉತ್ತರ ಬರುತ್ತದೆ, ನಾಯಕನು ಕೈಯೆತ್ತಿದರೂ ನಿಧಾನಗತಿ, ಇಳಿಸಿದರೂ ನಿಧಾನಗತಿ. ಖರ್ಚನ್ನು ರಸವೆಂದು ಬಗೆಯುವ ಈ ಅಭ್ಯಾಸವೇ ಸಣ್ಣ ಆಟವನ್ನು ಕಂಡು ಮರುಗುತ್ತದೆ.

ಕೊಡಗನ್ನು ಕುರಿತು ಭಾರಿ ಬಜೆಟ್ಟಿನ ಆಟವೊಂದು ಬರಬೇಕೆಂದು ನಮ್ಮ ಹುಡುಗರು ಆಗಾಗ ಹಂಬಲಿಸುವುದುಂಟು. ಜಿಲ್ಲೆಗೆ ಜಿಲ್ಲೆಯನ್ನೇ ಕಟ್ಟುವುದು ಬೇಡ. ಬೇತ್ರಿಯ ಕಡೆಗಿನ ಒಂದು ಏರು, ಕೆಳಗೊಂದು ಗದ್ದೆಬಯಲು, ನೋಟಕ್ಕೆ ಅಡ್ಡಬರುವ ಸಿಲ್ವರ್ ಓಕ್ ಮರಗಳು, ಮನೆಯ ತಗಡಿನ ಮಾಡಿನ ಮೇಲೆ ಹುಯ್ಯುವ ಮಳೆ. ಮಳೆ ಜೋರಾದಾಗ ಮಾತ್ರ ಗುಂಡಿನ ಸದ್ದು ಅಡಗಬೇಕು, ಹೊಳವಾದೊಡನೆ ಆಟಗಾರನು ಸಿಕ್ಕಿಬೀಳಬೇಕು. ಇಷ್ಟಕ್ಕೆ ಹತ್ತು ಮಂದಿ ಸಾಕು. ಅವರಲ್ಲಿ ಮಳೆಯ ಸದ್ದನ್ನು ಮಾಡುವವನ ಸಂಬಳದಲ್ಲಿ ಮಾತ್ರ ಉಳಿತಾಯಕ್ಕೆ ಕೈಹಾಕಬಾರದು.