ದಫ್ತರ ಮತ್ತು ಹೊಸ್ತಿಲು: ಕೃಷ್ಣಾ ಸೀಮೆಯ ಗಡಿ ತಾಲೂಕುಗಳಲ್ಲಿ ಪ್ರಭುತ್ವದ ಮಿತಿಯ ಪ್ರಶ್ನೆ

ಪ್ರಭುತ್ವಕ್ಕೆ ಮಿತಿ ಇರಬೇಕೆಂಬುದು ಆಧುನಿಕ ರಾಜಕೀಯ ಚಿಂತನೆಯ ಮೂಲ ವಿಚಾರಗಳಲ್ಲೊಂದು. ಉದಾರವಾದಿ ಪರಂಪರೆಯು ಈ ಮಿತಿಯನ್ನು ಸಾಮಾನ್ಯವಾಗಿ ತೆರಿಗೆ, ಆಸ್ತಿ, ಬೆಲೆ ಮತ್ತು ದಂಡಶಕ್ತಿಗಳ ನೆಲೆಯಲ್ಲಿ ಚರ್ಚಿಸುತ್ತ ಬಂದಿದೆ. ಪ್ರಭುತ್ವವು ತನ್ನ ಪ್ರಜೆಗಳ ಬಗ್ಗೆ ಏನನ್ನು ಬರೆದಿಟ್ಟುಕೊಳ್ಳುತ್ತದೆ, ಬರೆದಿಟ್ಟದ್ದನ್ನು ಯಾರಿಗೆ ತೋರಿಸುತ್ತದೆ ಎಂಬ ಪ್ರಶ್ನೆ ಬಹುಕಾಲ ಹಿನ್ನೆಲೆಯಲ್ಲೇ ಉಳಿಯಿತು. ಡಿಜಿಟಲ್ ಖಾಸಗಿತನದ ಚರ್ಚೆ ಇದನ್ನು ಮುನ್ನೆಲೆಗೆ ತಂದಿದೆಯಾದರೂ, ಇದು ನಗರದ ವಿದ್ಯಾವಂತ ವರ್ಗದ ಕಾಳಜಿ ಎಂಬ ಗ್ರಹಿಕೆಯೂ ಜೊತೆಯಲ್ಲೇ ಬೆಳೆದಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಪ್ರಭುತ್ವದ ಮಿತಿಯ ಬಗ್ಗೆ ಈ ಸೀಮೆಯ ಚಳವಳಿಗಳು ಗಂಭೀರವಾಗಿ ಯೋಚಿಸಿವೆ. ಆದರೆ ಆ ಯೋಚನೆ ದಫ್ತರದ ಬಾಗಿಲಿನಲ್ಲಿ ನಿಂತುಹೋದದ್ದು ಏಕೆಂಬುದು ವಿಮರ್ಶೆಗೆ ಅರ್ಹವಾದ ಪ್ರಶ್ನೆ.

ಇಲ್ಲಿನ ಆಡುಮಾತಿನಲ್ಲಿ ಪಹಣಿಗೆ ‘ಉತಾರ’ ಎಂಬ ಹೆಸರಿದೆ. ಉತಾರವನ್ನು ಬರೆಯುವ ಕೈ ಯಾರದೆಂಬುದು ಈ ಭಾಗದಲ್ಲಿ ಎಂದೂ ಸಣ್ಣ ವಿಷಯವಾಗಿರಲಿಲ್ಲ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು 1918ರಲ್ಲಿ ಕುಲಕರ್ಣಿ ವತನವನ್ನು ರದ್ದುಗೊಳಿಸಿ ಸಂಬಳದ ತಲಾಠಿಗಳನ್ನು ನೇಮಿಸಿದರು. ಊರಿನ ಲೆಕ್ಕ ಒಂದೇ ಮನೆತನದ ಸೊತ್ತಾಗಿರುವವರೆಗೆ ಊರಿನ ಮೇಲಿನ ಹಿಡಿತವೂ ಆ ಮನೆತನದ್ದೇ ಆಗಿರುತ್ತದೆ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿತ್ತು. ಮೈಸೂರು ರಾಜ್ಯವು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ಮೂಲಕ ಇದೇ ಹಾದಿಯನ್ನು ಹಿಡಿಯಿತು. ಈ ಎರಡೂ ಸುಧಾರಣೆಗಳು ದಫ್ತರವನ್ನು ಹಿಡಿಯುವ ಕೈಯನ್ನು ಬದಲಿಸಿದವು. ದಫ್ತರದಲ್ಲಿ ಯಾರ ಹೆಸರು ಬಂದಿದೆಯೋ ಅವರಿಗೆ ಅದರ ಮೇಲೆ ಯಾವ ಹಕ್ಕಿದೆ ಎಂಬ ಪ್ರಶ್ನೆಯನ್ನು ಅವು ಎತ್ತಲಿಲ್ಲ. ಮುಂದಿನ ಚಳವಳಿಗಳಿಗೂ ಇದೇ ಮಿತಿ ದಾಟಿಬಂದಂತೆ ಕಾಣುತ್ತದೆ.

1981ರ ನಿಪ್ಪಾಣಿ ತಂಬಾಕು ಬೆಳೆಗಾರರ ಚಳವಳಿ ಈ ಚರ್ಚೆಯಲ್ಲಿ ಕೇಂದ್ರ ಸ್ಥಾನದಲ್ಲಿದೆ. ವ್ಯಾಪಾರಿಗಳ ಕೂಟ ನಿಗದಿಪಡಿಸುತ್ತಿದ್ದ ಬೆಲೆಯ ವಿರುದ್ಧ ಸಾವಿರಾರು ರೈತರು ಮಾರ್ಚ್ 14ರಿಂದ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಹನ್ನೆರಡು ಮಂದಿ ರೈತರು ಪ್ರಾಣ ತೆತ್ತರು. ಚಳವಳಿಯ ಮುಂಚೂಣಿಯಲ್ಲಿದ್ದ ಶೇತಕರಿ ಸಂಘಟನೆಯ ಶರದ ಜೋಶಿ ಭಾರತದ ರೈತ ನಾಯಕರಲ್ಲಿ ಉದಾರವಾದಿ ತಾತ್ವಿಕತೆಯನ್ನು ಅತ್ಯಂತ ಸ್ಪಷ್ಟವಾಗಿ ಪ್ರತಿಪಾದಿಸಿದವರು. ರೈತನ ಬಡತನಕ್ಕೆ ಸರಕಾರದ ನೀತಿಯೇ ಕಾರಣ, ರಫ್ತು ನಿಷೇಧ ಮತ್ತು ಸಾಗಾಣಿಕೆಯ ನಿರ್ಬಂಧಗಳ ಮೂಲಕ ಪ್ರಭುತ್ವವು ರೈತನ ಬೆಲೆಯನ್ನು ತಗ್ಗಿಸುತ್ತದೆ, ಆದ್ದರಿಂದ ಅದು ಪೇಟೆಯಿಂದ ಹಿಂದೆ ಸರಿಯಬೇಕು ಎಂಬುದು ಅವರ ವಾದದ ತಿರುಳು. 1994ರಲ್ಲಿ ಸ್ಥಾಪಿಸಿದ ಸ್ವತಂತ್ರ ಭಾರತ ಪಕ್ಷದ ಹೆಸರಿನಲ್ಲಿಯೇ 1959ರ ಸ್ವತಂತ್ರ ಪಕ್ಷದ ನೆನಪಿದೆ.

ಈ ವಾದದ ಬಲವನ್ನು ಅಲ್ಲಗಳೆಯಲಾಗದು. ಆದರೆ ನಿಪ್ಪಾಣಿಯ ಅನುಭವವೇ ಅದರ ಕೊರತೆಯನ್ನೂ ಸೂಚಿಸುತ್ತದೆ. ಹೆದ್ದಾರಿಯ ಮೇಲೆ ಕುಳಿತ ರೈತನ ಎದುರಾಳಿ ಸರಕಾರವೊಂದೇ ಆಗಿರಲಿಲ್ಲ, ವ್ಯಾಪಾರಿಯೂ ಆಗಿದ್ದ. ಅದೇ ಕಾಲದಲ್ಲಿ ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಮೂಲಕ ಸಂಘಟಿತರಾಗುತ್ತಿದ್ದರು. ಯುಗಾಂತರ ತಂಡದ 1982ರ ಸಾಕ್ಷ್ಯಚಿತ್ರ ‘ತಂಬಾಕು ಚಾಕಿಲಾ ಊಬ್ ಆಲಿ’ ಹಾಗೂ ಛಾಯಾ ದಾತಾರ ಅವರ 1989ರ ಅಧ್ಯಯನ ಗ್ರಂಥ ಈ ಹೋರಾಟವನ್ನು ದಾಖಲಿಸಿವೆ. ಇಂಥ ಕಾರ್ಮಿಕರಿಗೆ ದಫ್ತರ ಬೇರೆಯೇ ಅರ್ಥವನ್ನು ಪಡೆಯುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಕನಿಷ್ಠ ವೇತನವಿಲ್ಲ, ಭವಿಷ್ಯನಿಧಿಯಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯಾಗಲಿ, 1976ರ ಕಲ್ಯಾಣ ನಿಧಿ ಕಾಯಿದೆಯಾಗಲಿ ಅವಳನ್ನು ತಲುಪಬೇಕಾಗಿದ್ದರೆ ಅವಳು ಕಾರ್ಮಿಕಳೆಂದು ಎಲ್ಲಿಯಾದರೂ ಬರೆದಿರಬೇಕಿತ್ತು. ಪ್ರಭುತ್ವವು ಕಡಿಮೆ ಬರೆದಷ್ಟೂ ಪ್ರಜೆ ಹೆಚ್ಚು ಸ್ವತಂತ್ರ ಎಂಬ ಸರಳ ಸೂತ್ರ ವಖಾರಿಯೊಳಗೆ ಕೆಲಸಕ್ಕೆ ಬರುವುದಿಲ್ಲ. ಖಾಸಗಿತನದ ಯಾವುದೇ ಸಿದ್ಧಾಂತ ಈ ಹೆಣ್ಣುಮಕ್ಕಳಿಗೆ ಉತ್ತರ ಕೊಡಬಲ್ಲದಾಗಿರಬೇಕು.

ನಿಪ್ಪಾಣಿಯ ಗೋಲಿಬಾರು ನಡೆದ ದಶಕದಲ್ಲಿಯೇ ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಪ್ರಭುತ್ವದ ಮಿತಿಯನ್ನು ಇನ್ನೊಂದು ಬಗೆಯಲ್ಲಿ ಎಳೆಯಿತು. ಸಾಲ ವಸೂಲಿಗೆಂದು ಮನೆಯ ಪಾತ್ರೆ, ಬಾಗಿಲುಗಳನ್ನು ಜಪ್ತಿ ಮಾಡುವುದು ಆಗ ರೂಢಿಯಲ್ಲಿತ್ತು. ರೈತ ಸಂಘ ಇದನ್ನು ಆರ್ಥಿಕ ಅನ್ಯಾಯವೆಂದಷ್ಟೇ ಅಲ್ಲದೆ ಮನೆತನದ ಮಾನದ ಮೇಲಿನ ದಾಳಿಯೆಂದು ಗ್ರಹಿಸಿ ಮರುಜಪ್ತಿ ಚಳವಳಿಯನ್ನು ಹೂಡಿತು. ಗ್ರಾಮಸ್ಥರ ಒಪ್ಪಿಗೆಯಿಲ್ಲದೆ ಅಧಿಕಾರಿಗಳು ಊರನ್ನು ಪ್ರವೇಶಿಸಕೂಡದೆಂಬ ಫಲಕಗಳು ರಾಜ್ಯದ ಅನೇಕ ಹಳ್ಳಿಗಳ ಅಂಚಿನಲ್ಲಿ ಎದ್ದವು. ಬಹುರಾಷ್ಟ್ರೀಯ ಕಂಪನಿಗಳು ಮತ್ತು ಡಂಕೆಲ್ ಪ್ರಸ್ತಾವದ ಬಗ್ಗೆ ಜೋಶಿ ಮತ್ತು ನಂಜುಂಡಸ್ವಾಮಿ ಪರಸ್ಪರ ವಿರುದ್ಧ ನಿಲುವು ತಳೆದವರು. ಆದರೂ ಪ್ರಭುತ್ವಕ್ಕೆ ಗೆರೆ ಎಳೆಯುವ ವಿಷಯದಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ನಿಂತಿದ್ದರು. ಹೊಸ್ತಿಲಿನ ಆಚೆಗೆ ಅಧಿಕಾರ ನಿಲ್ಲಬೇಕೆಂಬ ರೈತ ಸಂಘದ ಆಗ್ರಹವನ್ನು ಕನ್ನಡದ ನೆಲದಲ್ಲಿ ಖಾಸಗಿತನದ ಹಕ್ಕಿನ ಮೊದಲ ಸಾಮೂಹಿಕ ಪ್ರತಿಪಾದನೆಗಳಲ್ಲಿ ಒಂದಾಗಿ ಓದಲು ಸಾಧ್ಯವಿದೆ. ಆದರೆ ಆ ಫಲಕ ಅಧಿಕಾರವನ್ನು ಕಾಲುಳ್ಳದ್ದೆಂದು ಭಾವಿಸಿತ್ತು. ಅಧಿಕಾರ ಜೀಪಿನಲ್ಲಿ ಬರುತ್ತದೆ, ಊರಬಾಗಿಲಲ್ಲಿ ತಡೆದರೆ ನಿಲ್ಲುತ್ತದೆ ಎಂಬುದು ಅದರ ನಂಬಿಕೆ.

2000ದ ನಂತರ ಈ ನಂಬಿಕೆ ಆಧಾರ ಕಳೆದುಕೊಂಡಿತು. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಲಾಠಿಯ ಹಿಂದೆ ಅಲೆಯುತ್ತಿದ್ದವನಿಗೆ 15 ರೂಪಾಯಿಗೆ ತಾಲೂಕಿನ ಕೇಂದ್ರದಲ್ಲಿ ಉತಾರ ದೊರೆಯತೊಡಗಿದ್ದು ನಿಜವಾದ ಅನುಕೂಲವೇ ಆಗಿತ್ತು. ಆದರೆ ಪಹಣಿಯಲ್ಲಿ ಒಡೆಯನ ಹೆಸರು, ವಿಸ್ತೀರ್ಣ, ಬೆಳೆಗಳ ಜೊತೆಗೆ ಭೂಮಿಯ ಮೇಲಿನ ಋಣಗಳ ಕಾಲಮ್ಮೂ ಇದೆ. ಅದು ಅಂತರ್ಜಾಲಕ್ಕೆ ಬಂದ ಮೇಲೆ ಸರ್ವೆ ನಂಬರು ತಿಳಿದ ಯಾರೇ ಆಗಲಿ ಎಲ್ಲಿಂದಲಾದರೂ ರೈತನ ಸಾಲವನ್ನು ಓದಬಹುದು. ಜಪ್ತಿಯ ಕಾಲದಲ್ಲಿ ಓಣಿಗೆ ಮಾತ್ರ ಗೊತ್ತಾಗುತ್ತಿದ್ದ ಸಂಕಟ ಈಗ ಜಪ್ತಿಯಿಲ್ಲದೆಯೇ ಲೋಕಕ್ಕೆ ತೆರೆದಿದೆ. ಬೆಂಗಳೂರಿನ ಸುತ್ತಲಿನ ಪ್ರದೇಶವನ್ನು ಕುರಿತು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಗಣಕೀಕರಣದಿಂದ ದೊಡ್ಡ ಭೂ ಹಿತಾಸಕ್ತಿಗಳಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು.

ಇದೇ ಸೀಮೆಯ ಕಬ್ಬಿನ ವ್ಯವಹಾರವನ್ನು ಪಕ್ಕದಲ್ಲಿಟ್ಟರೆ ಪಾರದರ್ಶಕತೆಯ ಅಸಮಾನತೆ ಎದ್ದು ಕಾಣುತ್ತದೆ. ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಸಕ್ಕರೆ ಇಳುವರಿಯ ಪ್ರಮಾಣವನ್ನು ಅವಲಂಬಿಸಿದೆ, ಆ ಪ್ರಮಾಣವನ್ನು ಅಳೆಯುವುದು ಕಾರ್ಖಾನೆ. ತೂಕ ಮತ್ತು ಇಳುವರಿಯ ಲೆಕ್ಕದ ಬಗ್ಗೆ ಬೆಳೆಗಾರರ ದೂರು ಹಳೆಯದು. ರೈತನ ಸಾಲ ಕಾರ್ಖಾನೆಗೆ ಕಾಣುವಷ್ಟು ಸುಲಭವಾಗಿ ಕಾರ್ಖಾನೆಯ ಲೆಕ್ಕ ರೈತನಿಗೆ ಕಾಣುವುದಿಲ್ಲ. ದುರ್ಬಲನು ಪಾರದರ್ಶಕನಾಗಿಯೂ ಬಲಿಷ್ಠನು ಅಪಾರದರ್ಶಕನಾಗಿಯೂ ಇರುವ ಈ ಸ್ಥಿತಿಯನ್ನು ಪೇಟೆಯ ಸ್ವಾತಂತ್ರ್ಯವೊಂದರಿಂದಲೇ ಸರಿಪಡಿಸಲಾಗದು.

ಖಾಸಗಿತನಕ್ಕೆ ಸಂವಿಧಾನಾತ್ಮಕ ನೆಲೆ ದೊರಕಿಸಿದ ಮೊಕದ್ದಮೆಯೂ ಕನ್ನಡ ನಾಡಿನಿಂದಲೇ ಹೊರಟದ್ದು ಗಮನಾರ್ಹ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮಾಹಿತಿಯ ಮೇಲಿನ ಹಿಡಿತವೂ ಆ ಹಕ್ಕಿನ ಭಾಗವೆಂದು ಒಪ್ಪಿತು. ಆದರೆ 2018ರ ಸೆಪ್ಟೆಂಬರ್ 26ರ ಬಹುಮತದ ತೀರ್ಪು ಸರಕಾರದ ಸಹಾಯಧನ ಮತ್ತು ಸವಲತ್ತುಗಳಿಗೆ ಆಧಾರನ್ನು ಎತ್ತಿಹಿಡಿಯಿತು. ಸವಲತ್ತಿನ ಅಗತ್ಯವಿರುವವನು ಬಡವ, ಹಾಗಾಗಿ ಹಕ್ಕಿನ ವಿನಾಯಿತಿ ಅವನ ಪಾಲಿಗೇ ಹೆಚ್ಚಾಗಿ ಬಂದಿತು. 2024ರಲ್ಲಿ ರಾಜ್ಯದ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಕೈಗೊಂಡಿತು. ಸತ್ತವರ ಹೆಸರಿನಲ್ಲಿ ಉಳಿದ ಜಮೀನು, ನಕಲಿ ಮಾರಾಟಗಳನ್ನು ತಡೆಯುವ ಉದ್ದೇಶ ಸಮರ್ಥನೀಯವೇ. ಆದರೆ ಜೋಡಣೆಯಾದ ಮಾಹಿತಿ ಬೇರೆ ಯಾವ ಕೆಲಸಕ್ಕೆ ಬಳಕೆಯಾಗಕೂಡದೆಂಬ ಗೆರೆಯನ್ನು ಎಳೆಯುವವರು ಯಾರು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಈ ಪ್ರಶ್ನೆಗೆ ಸಮರ್ಪಕ ಉತ್ತರ ಕೊಡುವುದಿಲ್ಲ. ಸವಲತ್ತುಗಳ ಹೆಸರಿನಲ್ಲಿ ಹೊಸ ಒಪ್ಪಿಗೆಯಿಲ್ಲದೆಯೂ ಮಾಹಿತಿಯನ್ನು ಬಳಸಲು ಅದು ಸರಕಾರಕ್ಕೆ ಅವಕಾಶ ನೀಡಿದೆ, ಅಧಿಸೂಚಿತ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿಯನ್ನೂ ಕಲ್ಪಿಸಿದೆ. ಇನ್ನೊಂದು ಕಡೆ, ಅದರ 44ನೆಯ ಕಲಮು 2005ರ ಮಾಹಿತಿ ಹಕ್ಕು ಕಾಯಿದೆಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣವೊಂದರಿಂದಲೇ ಅರ್ಜಿಯನ್ನು ನಿರಾಕರಿಸುವ ದಾರಿಯನ್ನು ಅಗಲಗೊಳಿಸಿದೆ. ಸಾರ್ವಜನಿಕ ಹಿತಾಸಕ್ತಿಯ ಸಾಮಾನ್ಯ ಉಪಬಂಧ ಉಳಿದಿದೆಯಾದರೂ ಅದನ್ನು ಸಾಧಿಸಿ ತೋರಿಸುವ ಹೊರೆ ಅರ್ಜಿದಾರನ ಮೇಲೆ ಬೀಳುವ ಸಂಭವವೇ ಹೆಚ್ಚು. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯಲ್ಲಿ ಕೆಲಸ ಮಾಡದವರ ಹೆಸರುಗಳನ್ನು ಪತ್ತೆಹಚ್ಚಿದ್ದು ಇಂಥ ಅರ್ಜಿಗಳಿಂದಲೇ. ಪ್ರಭುತ್ವವನ್ನು ಮಿತಿಗೊಳಿಸಲು ಹುಟ್ಟಿದ ಹಕ್ಕು ಪ್ರಭುತ್ವದ ಮರೆಯಾಗಿ ಮಾರ್ಪಡುವ ಅಪಾಯ ಇಲ್ಲಿದೆ.

ಈ ಸೀಮೆಯ ಚರಿತ್ರೆ ಮೂರು ಬಗೆಯ ತಿಳಿವನ್ನು ಬಿಡಿಬಿಡಿಯಾಗಿ ಕಂಡುಕೊಂಡಿದೆ. ಪ್ರಭುತ್ವ ರೈತನ ದುಡಿಮೆಯ ಬೆಲೆಯನ್ನು ತುಳಿಯಕೂಡದೆಂದು ಜೋಶಿ ಹೇಳಿದರು. ಹೊಸ್ತಿಲು ದಾಟಕೂಡದೆಂದು ರೈತ ಸಂಘ ಹೇಳಿತು. ಬರೆಯಬೇಕಾದ ಹೆಸರನ್ನು ಬರೆಯದೆ ಬಿಡಕೂಡದೆಂಬುದು ವಖಾರಿಯ ಹೆಣ್ಣುಮಕ್ಕಳ ಬದುಕು ಕಲಿಸುವ ಪಾಠ. ಡಿಜಿಟಲ್ ಕಾಲದ ಖಾಸಗಿತನದ ಚಿಂತನೆಗೆ ಈ ಮೂರೂ ಬೇಕು. ಮಿತ ಪ್ರಭುತ್ವದ ವಾದವನ್ನು ಕೇವಲ ಪೇಟೆಯ ವಾದವಾಗಿ ಉಳಿಸಿಕೊಂಡವರು ದಫ್ತರದ ಅಧಿಕಾರವನ್ನು ಗಮನಿಸಲಿಲ್ಲ. ಖಾಸಗಿತನವನ್ನು ಕೇವಲ ವ್ಯಕ್ತಿಯ ಹಕ್ಕಾಗಿ ಕಂಡವರು ದಫ್ತರದಿಂದ ಹೊರಗುಳಿದವರನ್ನು ಗಮನಿಸಲಿಲ್ಲ. ಯಾರ ಬಗ್ಗೆ ಬರೆಯಲಾಗಿದೆಯೋ ಅವರಿಗೆ ಆ ಬರಹವನ್ನು ಓದುವ, ತಿದ್ದಿಸುವ, ಅದನ್ನು ಯಾರು ಓದಿದರೆಂದು ಕೇಳುವ ಹಕ್ಕು ದೊರೆಯುವವರೆಗೆ ಕುಲಕರ್ಣಿಯ ವತನ ಪೂರ್ಣವಾಗಿ ರದ್ದಾಯಿತೆಂದು ಹೇಳಲಾಗುವುದಿಲ್ಲ.