ಶ್ರವಣಾತೀತ ಧ್ವನಿಚಿತ್ರದಲ್ಲಿ ಸಂಗಮ: ಆಕರವಿಮರ್ಶೆಯ ಒಂದು ಪ್ರಶ್ನೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ ಕದಂಬರ ಸ್ತಂಭಶಾಸನವನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಸೊರಬದ ಶಾಸನಗಳು 1904ರಲ್ಲಿ 8ನೆಯ ಸಂಪುಟವಾಗಿ ಬಂದವು. ತಾಳಗುಂದದ ಪಾಠವನ್ನು ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕದಲ್ಲಿ ಮತ್ತೆ ಸಂಪಾದಿಸಿದರು. ಕಲ್ಲು ಒಂದೇ ಆದರೂ ಮಸಿಯಚ್ಚು, ಬೆಳಕು, ಓದುವವನ ಪೂರ್ವಗ್ರಹಿಕೆ ಇವು ಪಾಠವನ್ನು ರೂಪಿಸುತ್ತವೆಂಬ ಎಚ್ಚರ ನಮ್ಮ ವಿದ್ಯಾರ್ಥಿಗಳಿಗೆ ಬೇಗನೆ ಬರುತ್ತದೆ. ಆದರೆ ಅವೇ ತಾಲ್ಲೂಕುಗಳ ಗರ್ಭಿಣಿಯೊಬ್ಬಳು ಸ್ಕ್ಯಾನಿಂಗ್ ಮಾಡಿಸಿಕೊಂಡು ತರುವ ಕಪ್ಪುಬಿಳುಪು ಚಿತ್ರದ ಮುಂದೆ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ಅದನ್ನು 'ಹೊಟ್ಟೆಯೊಳಗಿನ ಫೋಟೋ' ಎಂದುಬಿಡುತ್ತೇವೆ.

ಈ ತಪ್ಪಿಗೆ ನಮ್ಮ ಜನಪ್ರಿಯ ವಿಜ್ಞಾನಬರಹಗಳೂ ಕಾರಣವೆಂದು ನಮ್ಮ ಅಭಿಪ್ರಾಯ. ನಾವು ಓದಿದ ಬಹುಪಾಲು ಬರಹಗಳು ಬಾವಲಿಯಿಂದ ಹೊರಟು, 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ಬಂದು, ಅಲ್ಲಿಂದ ಒಂದೇ ನೆಗೆತಕ್ಕೆ ಇಂದಿನ ಯಂತ್ರವನ್ನು ಮುಟ್ಟುತ್ತವೆ. ನಡುವೆ ಬಿಟ್ಟುಹೋಗುವುದೇ ಮುಖ್ಯವಾದುದು: ಧ್ವನಿಯನ್ನು ಬೇಕಾದ ಆಳದಲ್ಲಿ ಒಂದುಗೂಡಿಸುವ ಕ್ರಮ. ಪಠ್ಯಪುಸ್ತಕಗಳು ಇದನ್ನು ಸಂಗಮವೆನ್ನುತ್ತವೆ. ನಾಭಿಯೆಂಬ ಮಾತೂ ಉಂಟು. ಹೊಟ್ಟೆಯ ಚಿತ್ರದ ಪ್ರಸಂಗದಲ್ಲಿ ಅದನ್ನು ಬಳಸದಿರುವುದೇ ಕ್ಷೇಮ!

ಪ್ರೋಬಿನ ಮುಖದಲ್ಲಿ ಸಾಲಾಗಿ ಹಲವು ಸಣ್ಣ ಖಂಡಗಳಿರುತ್ತವೆ. ದೇಹದೊಳಗಿನ ಒಂದು ಬಿಂದುವಿನ ಪ್ರತಿಧ್ವನಿಯು ಅದಕ್ಕೆ ನೇರವಾಗಿರುವ ಖಂಡವನ್ನು ಮೊದಲು, ಅಂಚಿನವನ್ನು ತುಸು ತಡವಾಗಿ ತಲುಪುತ್ತದೆ. ಮೊದಲು ಬಂದುದನ್ನು ಅಷ್ಟು ಹೊತ್ತು ತಡೆದಿಟ್ಟು ಎಲ್ಲವನ್ನೂ ಕೂಡಿಸಿದರೆ ಆ ಬಿಂದುವು ಸ್ಪಷ್ಟವಾಗುತ್ತದೆ. ಪ್ರತಿಧ್ವನಿ ಆಳದಿಂದ ಬಂದಷ್ಟೂ ಈ ತಡೆಯ ಪ್ರಮಾಣವನ್ನು ಆಗಿಂದಾಗಲೇ ಬದಲಿಸುತ್ತ ಹೋಗಬಹುದು. 1965ರ ಸೀಮೆನ್ಸ್ ಕಂಪೆನಿಯ ವಿಡೋಸನ್ ಯಂತ್ರವು ಸೆಕೆಂಡಿಗೆ 15 ಚಿತ್ರಗಳನ್ನು ತೋರಿಸಿತಾದರೂ ಅದರ ಸಂಗಮವು ಕನ್ನಡಿಯಿಂದ ಸ್ಥಿರವಾಗಿತ್ತು. 1968ರಲ್ಲಿ ಉಟ್ರೆಕ್ಟಿನ ಸೋಮರ್ ಧ್ವನಿಯ ದಿಕ್ಕನ್ನು ವಿದ್ಯುತ್ತಿನ ತಡೆಗಳಿಂದಲೇ ತಿರುಗಿಸಿ ತೋರಿಸಿದರು. 1970ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥರ್ಸ್ಟನ್ ಮತ್ತು ಫಾನ್ ರಾಮ್ ಸಂಗಮವನ್ನು ಪ್ರತಿಧ್ವನಿಯೊಡನೆ ಚಲಿಸುವಂತೆ ಮಾಡಿದರು.

ಆದರೆ ಇದು ಕೇಳುವ ಕಡೆಯ ಸೌಲಭ್ಯ. ಒಮ್ಮೆ ಹೊರಟ ಧ್ವನಿಯ ಸಂಗಮವನ್ನು ದಾರಿಯಲ್ಲಿ ತಿದ್ದಲಾಗದು. ಮೂರು ಆಳಗಳಲ್ಲಿ ಸ್ಪಷ್ಟತೆ ಬೇಕೆಂದರೆ ಮೂರು ಸಲ ಧ್ವನಿ ಕಳುಹಿಸಬೇಕು. ಇಲ್ಲಿ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1540 ಮೀಟರೆಂದು ಯಂತ್ರ ಗ್ರಹಿಸುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿಬರಲು ಸುಮಾರು 195 ಮೈಕ್ರೋಸೆಕೆಂಡು. ಚಿತ್ರಕ್ಕೆ 128 ಗೆರೆಗಳೆಂದರೆ ಸೆಕೆಂಡಿಗೆ ಸುಮಾರು 40 ಚಿತ್ರಗಳು. ಪ್ರತಿ ಸಲವೂ ಪೂರ್ಣ ಆಳದ ಪ್ರತಿಧ್ವನಿಗಾಗಿ ಕಾಯುವುದಾದರೆ, ಮೂರು ಸಂಗಮಗಳಿಗೆ ಉಳಿಯುವುದು 13. ನಿಮಿಷಕ್ಕೆ 140 ಸಲ ಮಿಡಿಯುವ ಭ್ರೂಣದ ಹೃದಯದ ಒಂದೊಂದು ಮಿಡಿತಕ್ಕೆ ಹದಿನೇಳು ಚಿತ್ರಗಳಿದ್ದಲ್ಲಿ ಐದಾರು ಮಾತ್ರ ದೊರೆಯುತ್ತವೆ. ಸ್ಪಷ್ಟತೆಯನ್ನು ಕೊಂಡವನು ಚಲನೆಯನ್ನು ಬಿಟ್ಟುಕೊಟ್ಟನು. ಅಂಶಗಳ ಸಂಕೇತಗಳನ್ನು ಸಂಗ್ರಹಿಸಿ ಅನಂತರ ಗಣಿಸುವ ಹೊಸ ಯಂತ್ರಗಳು ಈ ಚೌಕಾಶಿಯನ್ನು ಬಹಳ ಸಡಿಲಿಸಿವೆ. ಎಲ್ಲೆಡೆಯೂ ಅಂಥ ಯಂತ್ರಗಳೇ ಇವೆಯೆಂದು ಭಾವಿಸಲಾಗದು.

ಇನ್ನು ಆ 1540. ಕೊಬ್ಬಿನಲ್ಲಿ ವೇಗವು 1450ರ ಆಸುಪಾಸಿನಲ್ಲಿರುವುದರಿಂದ, ದಪ್ಪ ಕೊಬ್ಬಿನ ಪದರದ ಆಚೆಗೆ ಲೆಕ್ಕದ ಸಂಗಮವೂ ನಿಜವಾದ ಸಂಗಮವೂ ಒಂದೇ ಆಗಿರುವುದಿಲ್ಲ. ಹೀಗೆ ಚಿತ್ರದ ಪ್ರತಿಯೊಂದು ಚುಕ್ಕೆಯೂ ಒಂದು ಗ್ರಹಿಕೆಯ ಮೇಲೆ ನಿಂತ ಪಾಠ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ವರದಿಯಲ್ಲಿ 'ಕಾಣಲಿಲ್ಲ' ಎಂದಿದ್ದುದನ್ನು ಮನೆಯವರು 'ಇಲ್ಲ' ಎಂದು ಓದುತ್ತಾರೆ. ಸೊರಬದಿಂದ ಶಿವಮೊಗ್ಗೆಗೆ ಹೋಗಿ ಇನ್ನೊಮ್ಮೆ ನೋಡಿಸಿಕೊಳ್ಳಿರೆಂದರೆ, ಮೊದಲನೆಯದು ಸುಳ್ಳಾಗಿತ್ತೆಂದು ಕೋಪಗೊಳ್ಳುತ್ತಾರೆ, ಇಲ್ಲವೆ ಹೋಗದೆಯೇ ಉಳಿಯುತ್ತಾರೆ. ಶಾಸನದಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಅರಸನೇ ಇರಲಿಲ್ಲವೆಂದು ವಾದಿಸುವ ವಿದ್ಯಾರ್ಥಿಯನ್ನು ನಾವು ತಿದ್ದುತ್ತೇವೆ. ಇಲ್ಲಿ ತಿದ್ದಬೇಕಾದ ಬರಹಗಾರನು 'ಯಂತ್ರ ಸುಳ್ಳು ಹೇಳದು' ಎಂದು ಬರೆದು ಮುಗಿಸುತ್ತಾನೆ. ಎರಡನೆಯ ಪರೀಕ್ಷೆ ಮೊದಲನೆಯದರ ಖಂಡನೆಯಲ್ಲ, ಮರುವಾಚನ, ಎಂಬಷ್ಟನ್ನಾದರೂ ಅವನು ಹೇಳಬಹುದಾಗಿತ್ತು.

ಅನೇಕ ಯಂತ್ರಗಳ ಚಿತ್ರದ ಅಂಚಿನಲ್ಲಿ, ಆಳದ ಅಳತೆಗೆರೆಯ ಪಕ್ಕದಲ್ಲಿ, ಒಂದು ಸಣ್ಣ ತ್ರಿಕೋನವಿರುತ್ತದೆ. ಕಳುಹಿಸಿದ ಧ್ವನಿಯ ಸಂಗಮ ಯಾವ ಆಳದಲ್ಲಿತ್ತೆಂಬುದರ ಗುರುತು ಅದು. ಪುಸ್ತಕಗಳಲ್ಲಿ ಇಂಥ ಚಿತ್ರಗಳನ್ನು ಅಚ್ಚುಹಾಕುವಾಗ ಅಂದಕ್ಕಾಗಿ ಈ ಅಂಚನ್ನೇ ಕತ್ತರಿಸಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ.